ಮಂಜಿ ನೀರಿಗೆ ಬಿದ್ದ ಸುದ್ದಿ

ಸುದ್ದಿ ತಂದವನು ಆಗುಂಬೆ ಬಸ್ಸಿನ ಕಂಡಕ್ಟರು. ಅತ್ತಿಕೇರಿಯ ತಿರುವಿನಲ್ಲಿ ಬಸ್ಸು ನಿಲ್ಲಿಸುವ ಪದ್ಧತಿ ಇರಲಿಲ್ಲ. ಅವತ್ತು ನಿಲ್ಲಿಸಿದ. ರಸ್ತೆ ಬದಿಯ ಗದ್ದೆಯಂಚಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಗುತ್ಯಮ್ಮನನ್ನು ಕೂಗಿ ಕರೆದು, ಬಸ್ಸಿನ ಮೆಟ್ಟಿಲ ಮೇಲೆ ನಿಂತುಕೊಂಡೇ ಹೇಳಿದ.

“ಅಜ್ಜೀ, ನಿಮ್ಮ ಮೊಮ್ಮಗಳ ಗಂಡ ಇದಾನಲ್ಲ ಕೆರಿಯಪ್ಪ, ಅವ ಮಂಗ್ಳೂರಿಂದ ಹೇಳಿ ಕಳ್ಸಿದಾನಂತೆ. ಮಂಜಿ ನೀರಿಗೆ ಬಿತ್ತಂತೆ. ದುಗ್ಗಮ್ಮನ್ನ ಕೂಡ್ಲೇ ಕಳಿಸ್ಬೇಕಂತೆ.”

“ಯಾರು ಹೇಳಿದ್ದೋ ನಿಂಗೆ?”

“ಆಗುಂಬೆ ಹೋಟ್ಲಲ್ಲಿ ಹೇಳಿದ್ರು. ನಂಗೆ ಇಷ್ಟೇ ಗೊತ್ತಿರೋದು ಅಜ್ಜಿ.”

ಸೀಟಿಯನ್ನು ಬಾಯಿಗಿಟ್ಟವನು ಊದಲಿಲ್ಲ. ಬಸ್ಸಿನ ತಗಡನ್ನು ಅಂಗೈಯಿಂದ ಮೆಲ್ಲಗೆ ತಟ್ಟಿದ. ಅಂಥ ಮಾತು ಹೇಳಿದ ಮೇಲೆ ಸೀಟಿ ಊದಬಾರದೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮಂಜಿ ಎಂದರೆ ಮಂಜಮ್ಮ, ಗುತ್ಯಮ್ಮನ ಸೊಸೆ ದುಗ್ಗಮ್ಮನ ಒಬ್ಬಳೇ ಮಗಳು. ಧರ್ಮಸ್ಥಳದ ಮಂಜುನಾಥನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವಳಾದ್ದರಿಂದ ಆ ಹೆಸರು. ಆದರೆ ಮಂಜಮ್ಮ ಎಂದು ಪೂರ್ತಿ ಕರೆದವರು ಮದುವೆ ಮಾಡಿಸಿದ ಭಟ್ಟರೊಬ್ಬರೇ. ಘಟ್ಟದ ಮೇಲಿನ ಮನೆಗಳಲ್ಲಿ ಹೆಣ್ಣುಮಗಳ ವಿಷಯ ಆಡುವಾಗ ‘ಬಂದಳು, ಹೋದಳು’ ಎನ್ನುವುದು ಪರಕೀಯರ ಮಾತು. ‘ಮಂಜಿ ಬಂತು, ಮಂಜಿ ಉಂಡ್ತು, ಮಂಜಿ ನಗ್ತದೆ’ ಎನ್ನುವುದೇ ಅಲ್ಲಿನ ಪ್ರೀತಿ. ಹೀಗಾಗಿ ‘ಮಂಜಿ ನೀರಿಗೆ ಬಿತ್ತು’ ಎಂದರೆ ಗುತ್ಯಮ್ಮನಿಗಾಗಲಿ ದುಗ್ಗಮ್ಮನಿಗಾಗಲಿ ಇನ್ನೊಂದು ಅರ್ಥ ಹೊಳೆಯುವ ಹಾಗೇ ಇರಲಿಲ್ಲ.

ಅಳಿಯ ಕೆರಿಯಪ್ಪ ನಿಟ್ಟೂರಿನ ಕಡೆಯವನು. ಕೊಡಚಾದ್ರಿಯ ತಪ್ಪಲಲ್ಲಿ ಗರಗಸ ಎಳೆಯುತ್ತಿದ್ದವನು, ತಾನು ಸೀಳಿದ ಮರ ಲಾರಿಯಲ್ಲಿ ಘಟ್ಟ ಇಳಿದಂತೆ ಒಂದು ದಿನ ತಾನೂ ಇಳಿದುಹೋದ. ಮಂಗಳೂರಿನ ಬಂದರಿನಲ್ಲಿ ಮರದ ಕೆಲಸವಂತೆ, ನೀರಿನ ದಂಡೆಯಲ್ಲೇ ಮನೆಯಂತೆ. ದುಗ್ಗಮ್ಮನಿಗೆ ಗೊತ್ತಿದ್ದದ್ದು ಅಷ್ಟೇ. ಮಗಳನ್ನು ಕಳಿಸಿಕೊಡುವಾಗ ಗುತ್ಯಮ್ಮ ಜಗಲಿ ತುಂಬ ಕೂಗಾಡಿದ್ದಳು: “ತುಂಗೆಯಲ್ಲಿ ಮೊಣಕಾಲು ಮುಳುಗಿದ್ರೆ ಅಳೋ ಮಗು ಅದು. ಅದನ್ನ ತಗಂಡು ಹೋಗಿ ಸಮುದ್ರದ ಬಾಯಿಗೆ ಇಡ್ತೀರಲ್ಲ, ನಿಮ್ಗೇನು ಬುದ್ಧಿ ಅದ್ಯಾ?”

ಇವತ್ತು ಆ ಮಾತನ್ನು ಎತ್ತಿ ಆಡುವ ಎಲ್ಲ ಹಕ್ಕೂ ಅವಳಿಗಿತ್ತು. ಆಡಲಿಲ್ಲ. ಕುಡುಗೋಲನ್ನು ಮಾಡಿಗೆ ಸಿಕ್ಕಿಸಿ, ಸುದ್ದಿ ಹೇಳಿ, ಸೊಸೆಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಅವಳ ಬೆನ್ನ ಮೇಲೆ ಕೈಯಿಟ್ಟಳು. ಆ ಕೈ ರಾತ್ರಿಯಿಡೀ ಅಲ್ಲೇ ಇತ್ತು.

ಬೆಳಿಗ್ಗೆ ಮೊದಲ ಬಸ್ಸಿಗೆ ದುಗ್ಗಮ್ಮ ಹೊರಟಳು. ಜೊತೆಗೆ ಮೈದುನ ಸೀತಾರಾಮಪ್ಪ. ದುಗ್ಗಮ್ಮನ ಗಂಡ ತೀರಿಕೊಂಡ ಮೇಲೆ ಆ ಮನೆಯ ಗಂಡಸು ಅವನೇ. ಸಾಗರ, ಹೊಸನಗರ, ಶಿವಮೊಗ್ಗ ಎಲ್ಲ ಸುತ್ತಿದವನು. ಮಂಗಳೂರನ್ನೂ ಒಮ್ಮೆ ಕಂಡವನು. “ನಾ ಕಂಡ ಊರು ಅತ್ತಿಗೆ, ನೀವೇನೂ ಹೆದರ್ಬೇಡಿ” ಎಂದು ಅವನು ಆಗುಂಬೆ ಮುಟ್ಟುವುದರೊಳಗೆ ಹತ್ತು ಸಲವಾದರೂ ಹೇಳಿದ. ಇನ್ನೇನು ಹೇಳಬೇಕೆಂದು ಪಾಪ ಅವನಿಗೂ ತೋಚುತ್ತಿರಲಿಲ್ಲ.

ಆಗುಂಬೆಯಲ್ಲಿ ದೊಡ್ಡ ಬಸ್ಸಿನಿಂದ ಇಳಿದು ಘಾಟಿಯ ಸಣ್ಣ ಬಸ್ಸು ಹತ್ತಬೇಕು. ಸುದ್ದಿ ಹೊರಟದ್ದು ಯಾರಿಂದ ಎಂದು ಸೀತಾರಾಮಪ್ಪ ಹೋಟೆಲಿನಲ್ಲಿ ವಿಚಾರಿಸಿದ. ಮರದ ಲಾರಿಯ ಕ್ಲೀನರ್ ಒಬ್ಬ ಹೇಳಿದ್ದಂತೆ. ಅವನು ಆಗಲೇ ಮುಂದಕ್ಕೆ ಹೋಗಿಯಾಗಿತ್ತು. ಹೋಟೆಲಿನವರು ದುಗ್ಗಮ್ಮನ ಮುಖ ನೋಡಿ ಒಂದು ಲೋಟ ಕಾಫಿ ತಂದಿಟ್ಟರು. ಅವಳು ಮುಟ್ಟಲಿಲ್ಲ. ಅವರು ಅದನ್ನು ಆರಲು ಬಿಡದೆ ತೆಗೆದುಕೊಂಡು ಹೋಗಿ ಮತ್ತೆ ಬಿಸಿ ಮಾಡಿ ತಂದಿಟ್ಟರು. ಆಗ ಕುಡಿದಳು.

ಘಾಟಿಯ ಎರಡನೆಯ ತಿರುವಿನಲ್ಲಿ ಸೀತಾರಾಮಪ್ಪನಿಗೆ ಹೊಟ್ಟೆ ತೊಳೆಸತೊಡಗಿತು. ನಿಂಬೆಹಣ್ಣು ಏನಾದರೂ ಇದೆಯೋ ಎಂದು ದುಗ್ಗಮ್ಮ ಕೈಚೀಲದೊಳಗೆ ತಡಕಿದಳು. ಕೈಗೆ ಸಿಕ್ಕಿದ್ದು ಸೀರೆ. ಹಸಿರು ಸೀರೆ, ಕೆಂಪಂಚಿನದು, ಮಡಿಕೆ ಬಿಚ್ಚದ್ದು. ಮಂಜಿಯ ಚೊಚ್ಚಲ ಬಸುರಿಗೆಂದು ಗುತ್ಯಮ್ಮ ಪೆಟ್ಟಿಗೆಯಲ್ಲಿ ಎತ್ತಿಟ್ಟುಕೊಂಡಿದ್ದ ಸೀರೆ ಅದು. ಅತ್ತೆ ಯಾವಾಗ ಇಟ್ಟಳೋ, ಬಾಯಿ ಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಕೊಟ್ಟ ಹೆಣ್ಣಿಗೆ ಕೊನೆಯ ಸೀರೆ ತವರಿನಿಂದಲೇ ಬರಬೇಕು; ಅದಿಲ್ಲದೆ ಅವಳನ್ನು ಎತ್ತುವುದಿಲ್ಲ.

ದುಗ್ಗಮ್ಮ ಚೀಲದ ಬಾಯಿಯನ್ನು ಮುಚ್ಚಿ ಅದರ ಮೇಲೆ ಎರಡೂ ಕೈ ಇಟ್ಟುಕೊಂಡಳು. ಕಿಟಕಿಯಾಚೆ ಕಾಡು ಕೆಳಕೆಳಗೆ ಇಳಿಯುತ್ತ ಹೋಯಿತು. ಅವಳಿಗೆ ಕಂಡದ್ದು ಏನೂ ಇಲ್ಲ. ಎಲ್ಲಿ ಮಲಗಿಸಿರುತ್ತಾರೆ? ಕೂದಲು ಒದ್ದೆಯಿರುತ್ತದೆಯೇ? ಇಂಥ ಯೋಚನೆ ಬಂದಾಗಲೆಲ್ಲ ಅವಳು ಅದನ್ನು ಹಟ್ಟಿಗೆ ನುಗ್ಗಿದ ಪರರ ದನವನ್ನು ಅಟ್ಟಿದ ಹಾಗೆ ಅಟ್ಟುತ್ತಿದ್ದಳು. ಅದು ಇನ್ನೊಂದು ಬಾಗಿಲಿನಿಂದ ಒಳಗೆ ಬರುತ್ತಿತ್ತು.

ಕಾರ್ಕಳದಲ್ಲಿ ಒಬ್ಬ ಕ್ರಿಶ್ಚಿಯನ್ ಹೆಂಗಸು ಹತ್ತಿ ಅವಳ ಪಕ್ಕ ಕೂತಳು. ಭಾಷೆ ಇವರದ್ದಲ್ಲ. ದುಗ್ಗಮ್ಮನ ಕಣ್ಣಿಂದ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲು ಚೀಲದ ಮೇಲಿನ ಕೈ ತೆಗೆಯಬೇಕಲ್ಲ ಎಂದು ಅವಳು ಒರೆಸಿಕೊಳ್ಳುತ್ತಿರಲಿಲ್ಲ. ಆ ಹೆಂಗಸು ತನ್ನ ಕೊಡೆಯನ್ನು ಅರ್ಧ ಬಿಚ್ಚಿ, ಬಿಸಿಲಿಗೆಂಬಂತೆ ಅಡ್ಡ ಹಿಡಿದುಕೊಂಡಳು. ಬಸ್ಸಿನಲ್ಲಿ ಇದ್ದವರಾರಿಗೂ ದುಗ್ಗಮ್ಮನ ಮುಖ ಕಾಣದ ಹಾಗಾಯಿತು. ಮಂಗಳೂರು ಬರುವವರೆಗೂ ಕೊಡೆ ಹಾಗೇ ಇತ್ತು. ಇಳಿಯುವಾಗ ಮಾತ್ರ ಒಂದು ಮಾತು, ಕನ್ನಡದಲ್ಲೇ: “ದೇವರಿದ್ದಾನೆ ಅಮ್ಮಾ.”

ಊರು ಕಂಡಿದ್ದ ಸೀತಾರಾಮಪ್ಪ ಬಂದರಿನ ದಾರಿಯೆಂದು ಅತ್ತಿಗೆಯನ್ನು ಗುಡ್ಡ ಹತ್ತಿಸಿದ. ಅಲ್ಲಿದ್ದ ಒಬ್ಬ ಅಂಗಡಿಯವನು ನಕ್ಕು, “ಬಂದರು ಗುಡ್ಡದ ಮೇಲೆ ಇರ್ತದಾ ಮಾರಾಯ್ರೆ? ಇಳೀಬೇಕು, ಇಳೀಬೇಕು” ಎಂದು ಕೈ ತೋರಿಸಿದ. ಇಳಿದರು. ಒಣಮೀನು, ಬೆಲ್ಲ, ಕೊಬ್ಬರಿ, ಎಲ್ಲದರ ವಾಸನೆ ಒಟ್ಟಿಗೆ ಮೂಗಿಗೆ ಹೊಡೆಯಿತು. ಕೆಂಪು ಹೆಂಚುಗಳ ರಾಶಿ ಮನೆಯೆತ್ತರಕ್ಕೆ ನಿಂತಿತ್ತು. ಆಮೇಲೆ ನೀರು. ಇಷ್ಟು ನೀರನ್ನು ದುಗ್ಗಮ್ಮ ನೋಡಿರಲಿಲ್ಲ. ನೋಡಬಾರದೆಂದು ಮುಖ ತಿರುಗಿಸಿದಳು.

ಹಡಗಿಗೆ ಸಾಮಾನು ಏರಿಸುವ ದಕ್ಕೆಯಲ್ಲಿ, ಸುತ್ತಿಟ್ಟ ತೆಂಗಿನ ನಾರಿನ ಹಗ್ಗದ ಮೇಲೆ ಒಬ್ಬ ಮುದುಕರು ಕೂತು ಬೀಡಿ ಸೇದುತ್ತಿದ್ದರು. ಬಿಳಿ ಗಡ್ಡ, ಬಿಳಿ ಟೊಪ್ಪಿ. ಸೀತಾರಾಮಪ್ಪ ಅವರ ಮುಂದೆ ನಿಂತ. ದಾರಿಯುದ್ದಕ್ಕೂ ಕಟ್ಟಿಟ್ಟುಕೊಂಡಿದ್ದ ದನಿ ಈಗ ಒಡೆಯಿತು.

“ಸಾಬ್ರೇ, ಇಲ್ಲಿ ನಮ್ಮ ಮಂಜಿ… ನೀರಿಗೆ ಬಿತ್ತು ಅಂತ…”

“ಯಾರು ಹೇಳಿದ್ದು?” ಮುದುಕರು ಹುಬ್ಬೇರಿಸಿದರು. “ಇನ್ನೂ ಬೀಳ್ಲಿಲ್ಲ. ನಾಳೆ ಬೀಳುದು.”

“ನಾಳೆನಾ?”

“ಹೌದು ಮಾರಾಯ್ರೆ. ನಾಳೆ ಬೆಳಿಗ್ಗೆ ಭರತ ಬರ್ತದಲ್ಲ, ನೀರು ಏರ್ತದೆ. ಆಗ ದೂಡುದು.”

“ದೂಡೋದಾ!”

“ಮತ್ತೆ? ದೂಡದೆ ಅದಾಗಿ ಅದು ಹೋಗ್ತದಾ? ಹಗ್ಗ ಕಟ್ಟಿ ಆ ಕಡೆ ಈ ಕಡೆ ಜನ ನಿಂತು ಎಳೀಬೇಕು. ಭಾರ ಉಂಟು. ವರ್ಷ ಆಯ್ತು ನೋಡಿ, ಇದೇ ದಿನಕ್ಕೆ ಎಲ್ಲರೂ ಕಾಯುದು.”

ಸೀತಾರಾಮಪ್ಪ ಬಾಯಿ ತೆರೆದವನು ಮುಚ್ಚಲಿಲ್ಲ. ಮುದುಕರಿಗೆ ಹುರುಪು ಬಂದಿತ್ತು.

“ನಿನ್ನೆ ಮೈಗೆಲ್ಲ ಎಣ್ಣೆ ಹಚ್ಚಿ ಆಯ್ತು. ಮೀನೆಣ್ಣೆ. ಎಂಥ ಚಂದ ಕಾಣ್ತದೆ ಗೊತ್ತುಂಟಾ! ಮೈಯೆಲ್ಲ ಹೆಬ್ಬಲಸು. ಹೊಟ್ಟೆ ಇಷ್ಟು ಅಗಲ. ಎಷ್ಟು ಸಾವಿರ ಹೆಂಚು ತುಂಬಿಸಿದ್ರೂ ತುಂಬುದಿಲ್ಲ.”

“ಯಾರ ಹೊಟ್ಟೆ?” ಎಂದಳು ದುಗ್ಗಮ್ಮ. ಎರಡು ದಿನದಲ್ಲಿ ಅವಳು ಆಡಿದ ಮೊದಲ ನೆಟ್ಟಗಿನ ಮಾತು ಅದು.

“ಮಂಜಿದು!”

ಹೇಳಿದವರು ಅವಳ ಮುಖ ನೋಡಿದರು. ಚೀಲದ ಮೇಲೆ ಬಿಗಿದಿದ್ದ ಕೈಗಳನ್ನು ನೋಡಿದರು. ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿ ಎದ್ದು ನಿಂತರು.

“ಅಮ್ಮಾ, ನೀವು ಯಾವ ಮಂಜಿ ಹುಡುಕಿಕೊಂಡು ಬಂದದ್ದು?”

“ನನ್ನ ಮಗಳು ಸಾಬ್ರೇ. ಮಂಜಿ.”

“ಯಾ ಅಲ್ಲಾ!” ಮುದುಕರು ಎದೆಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಹೊಳೆಯಾಚೆಗೆ ಕೈ ಚಾಚಿದರು. “ಅಲ್ಲಿ ನೋಡಿ. ಆ ಮರಳ ದಿಬ್ಬದ ಮೇಲೆ. ಅದು ಮಂಜಿ. ಹಾಯಿಹಡಗು. ಇಲ್ಲಿ ಅದಕ್ಕೆ ಮಂಜಿ ಅಂತಲೇ ಹೇಳುದು. ನನ್ನ ಅಜ್ಜನ ಅಜ್ಜನ ಕಾಲದಿಂದ ಹಾಗೇ ಹೇಳುದು.”

ಆಚೆ ದಡದ ಬೆಂಗ್ರೆಯಲ್ಲಿ, ತೆಂಗಿನ ಮರಗಳ ನಡುವೆ, ಒಂದು ದೊಡ್ಡ ಮರದ ಒಡಲು ಬಿಸಿಲಿಗೆ ಹೊಳೆಯುತ್ತಿತ್ತು. ದುಗ್ಗಮ್ಮ ಅದನ್ನು ನೋಡಿದಳು. ಹಡಗು ಹಡಗಾಗಲಿ, ಅವಳಿಗೇನು?

“ಹಂಗಾರೆ ನನ್ನ ಮಗಳು? ನಿಟ್ಟೂರಿನ ಕೆರಿಯಪ್ಪನ ಹೆಂಡ್ತಿ?”

“ಗರಗಸದ ಕೆರಿಯಪ್ಪನ ಹೆಂಡತಿಯಲ್ವಾ? ಮೂಗಿನ ಮೇಲೆ ಇಲ್ಲಿ ಒಂದು ಮಚ್ಚೆ? ಬೆಳಿಗ್ಗೆ ಇದೇ ದಕ್ಕೆಗೆ ಬಂದಿತ್ತು. ಬಂಗುಡೆ ಮಾರುವವಳ ಹತ್ರ ಅರ್ಧ ಗಂಟೆ ಜಗಳ ಮಾಡಿ, ಗೆದ್ದು, ಮೀನು ತಕೊಂಡು ಹೋಯ್ತು. ನೀರಿಗೆ ಬಿದ್ದವರು ಹಾಗೆ ಚೌಕಾಸಿ ಮಾಡುದಿಲ್ಲಮ್ಮ.”

ದುಗ್ಗಮ್ಮ ಹಗ್ಗದ ಸುರುಳಿಯ ಮೇಲೆ ಕುಸಿದು ಕೂತಳು. ಅಳುವೋ ನಗುವೋ ತಿಳಿಯದ ಒಂದು ದನಿ ಅವಳಿಂದ ಹೊರಟಿತು. ಹೆಂಚು ಹೊರುತ್ತಿದ್ದವರು ತಿರುಗಿ ನೋಡಿದರು. “ಎಂಥ ನೋಡುದು? ಹೆಂಚು ನೋಡಿ, ಹೆಂಚು!” ಎಂದು ಮುದುಕರು ಅವರನ್ನು ಗದರಿ, ಅವಳಿಗೆ ಬೆನ್ನು ಹಾಕಿ ಅಡ್ಡ ನಿಂತುಕೊಂಡರು. ಹಿಂದೊಮ್ಮೆ ಹಡಗು ನಡೆಸಿದ್ದ ತಂಡೇಲರು ಅವರು, ಅಗಲ ಬೆನ್ನು. ಅದರ ಮರೆಯಲ್ಲಿ ದುಗ್ಗಮ್ಮ ಮನಸ್ಸು ಬಂದಷ್ಟು ಹೊತ್ತು ಅತ್ತಳು.

ಸೀತಾರಾಮಪ್ಪ ಮೊದಲು ಹೋ ಎಂದು ನಕ್ಕ. ಆಮೇಲೆ ಹೆಂಚಿನ ರಾಶಿಯ ಹಿಂದೆ ಹೋಗಿ ಬಂದ. ಬಂದಾಗ ಅವನ ಟವೆಲು ಒದ್ದೆಯಾಗಿತ್ತು.

ತಂಡೇಲರೇ ಇಬ್ಬರನ್ನೂ ದೋಣಿ ಹತ್ತಿಸಿ ಆಚೆ ದಡಕ್ಕೆ ಕರೆದುಕೊಂಡು ಹೋದರು. ದೋಣಿ ತೂಗಾಡಿದಾಗ ಊರು ಕಂಡಿದ್ದ ಸೀತಾರಾಮಪ್ಪ ಅಂಚನ್ನು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡ. ದುಗ್ಗಮ್ಮ ಮಾತ್ರ ಬಗ್ಗಿ ನೀರನ್ನು ಮುಟ್ಟಿ ನೋಡಿದಳು. ಬೆಚ್ಚಗಿತ್ತು. ಅದರ ಮೇಲೆ ಎರಡು ದಿನ ಹೊತ್ತಿದ್ದ ಸಿಟ್ಟು ಹಾಗೇ ಇಳಿಯಿತು. ಅದು ಪಾಪ ಏನೂ ಮಾಡಿರಲಿಲ್ಲ.

ಮಂಜಿ ಮನೆ ಮುಂದೆ ಮೀನು ಕೊಯ್ಯುತ್ತ ಕೂತಿದ್ದಳು. ತಲೆಯೆತ್ತಿದವಳು ಕತ್ತಿ ಬಿಟ್ಟು ಓಡಿ ಬಂದಳು.

“ಅವ್ವಾ! ಹೇಳಿ ಕಳ್ಸಿದ್ದು ಮುಟ್ತಾ? ನಾ ಅಂದ್ಕಂಡಿದ್ದೆ, ಲಾರಿಯೋರು ಮರೀತಾರೆ ಅಂತ. ಚಿಕ್ಕಪ್ಪನೂ ಬಂದ್ರಾ!”

“ಮುಟ್ತು ಕಣೇ” ಎಂದಳು ದುಗ್ಗಮ್ಮ. ಮಗಳ ಕೆನ್ನೆ, ಕತ್ತು, ತೋಳು ಎಲ್ಲ ಸವರಿದಳು. ಕೂದಲು ಒಣಗಿತ್ತು. “ಮುಟ್ತು.”

“ಮೀನಿನ ಕೈ ಅವ್ವ, ಮೈಯೆಲ್ಲ ನಾರ್ತದೆ.”

“ನಾರ್ಲಿ.”

ಸೀತಾರಾಮಪ್ಪ ಬಾಯಿ ತೆರೆಯಲು ಹೋದ. ದುಗ್ಗಮ್ಮ ಅವನತ್ತ ಒಂದು ನೋಟ ಬೀರಿದಳು. ಬದುಕಿ ಬಾಳುವ ಮಗಳ ಎದುರು ಆ ಮಾತು ಎತ್ತುವುದು ಬೇಡ. ತಂಡೇಲರಿಗೂ ಅರ್ಥವಾಯಿತು. ಅವರು ಗಡ್ಡದಲ್ಲೇ ನಕ್ಕು, ನಾಳೆ ಸಿಗುವೆನೆಂದು ಹೊರಟುಹೋದರು.

ಆದರೆ ಗುಟ್ಟು ಉಳಿಯಲಿಲ್ಲ. ಸಂಜೆ ಕೆರಿಯಪ್ಪ ಕೆಲಸದಿಂದ ಬಂದ. ಅತ್ತೆಯನ್ನು ಕಂಡು ಅವನಿಗೆ ಹಿಗ್ಗೋ ಹಿಗ್ಗು. ಆ ಹಡಗಿನ ಹಲಗೆಯೆಲ್ಲ ಅವನ ಗರಗಸದ ಕೆಳಗೆ ಹಾದು ಬಂದದ್ದು. ಕೂವೆಮರ, ಅಂದರೆ ಹಾಯಿ ಕಟ್ಟುವ ಕಂಬ, ನಿಟ್ಟೂರಿನ ಕಾಡಿನ ಸುರಹೊನ್ನೆ. “ನಮ್ಮ ಕಡೆ ಮರ ಅತ್ತೆ, ಸಮುದ್ರಕ್ಕೆ ಹೋಗ್ತದೆ. ಅದಕ್ಕೇ ನೀವು ನೋಡ್ಬೇಕು ಅಂತ ಹೇಳಿ ಕಳ್ಸಿದ್ದು.” ಅವನು ಹೇಳುತ್ತಿರುವಾಗ, ಅವ್ವನ ಚೀಲದಿಂದ ಎಲೆ ಅಡಿಕೆ ತೆಗೆಯಲು ಹೋದ ಮಂಜಿಗೆ ಸೀರೆ ಸಿಕ್ಕಿತು.

“ಅಯ್ಯೋ, ಅಜ್ಜಿ ಪೆಟ್ಟಿಗೆ ಸೀರೆ! ನಂಗೆ ಕೊಟ್ಟು ಕಳಿಸಿದ್ರಾ?” ಎಂದು ಅದನ್ನು ಬಿಚ್ಚಿ ಹೆಗಲ ಮೇಲೆ ಹಾಕಿಕೊಳ್ಳಲು ಹೋದಳು.

ದುಗ್ಗಮ್ಮ ಕೂತಲ್ಲಿಂದ ಹಾರಿ ಅದನ್ನು ಕಿತ್ತುಕೊಂಡಳು. “ಮುಟ್ಬೇಡ! ನಿಂಗಲ್ಲ ಅದು!”

ಮಂಜಿ ಪೆಚ್ಚಾದಳು. ಅವಳ ತುಟಿ ಚಿಕ್ಕಂದಿನಲ್ಲಿ ಬೈಸಿಕೊಂಡಾಗ ಆಗುತ್ತಿದ್ದಂತೆ ಒಂದು ಕಡೆಗೆ ಎಳೆದುಕೊಂಡಿತು. “ಯಾರಿಗೆ ಹಂಗಾರೆ? ಇಷ್ಟು ದೂರ ಹೊತ್ಕಂಡು ಬಂದು ಬೇರೆ ಯಾರಿಗೆ ಕೊಡ್ತೀಯ?”

ದುಗ್ಗಮ್ಮ ಸೀರೆಯನ್ನು ಮತ್ತೆ ಮಡಿಸತೊಡಗಿದಳು. ಸೀತಾರಾಮಪ್ಪನಿಗೆ ತಡೆಯಲಾಗಲಿಲ್ಲ.

“ನಿಂಗೇ ತಂದಿದ್ದು ಕಣೇ. ಆದ್ರೆ ನೀನು ಹಾಳಾದೋಳು ಬದುಕಿದೀಯ, ಅದ್ಕೇ ಕೊಡಕ್ಕೆ ಬರಲ್ಲ!”

ಅಲ್ಲಿಂದ ಎಲ್ಲ ಹೊರಬಿತ್ತು. ಕಂಡಕ್ಟರು, ಹೋಟೆಲು, ಘಾಟಿ, ‘ನಾಳೆ ದೂಡುದು’ ಎಂದ ತಂಡೇಲರು. ಕೆರಿಯಪ್ಪ ತಲೆಯ ಮೇಲೆ ಕೈ ಹೊತ್ತ. “ನಾ ಹೇಳಿದ್ದು ‘ಬುಧವಾರ ಮಂಜಿ ನೀರಿಗೆ ಬೀಳ್ತದೆ, ಅತ್ತೆ ಬಂದು ನೋಡ್ಲಿ’ ಅಂತ. ಬೀಳ್ತದೆ ಅಂದಿದ್ದು ಘಟ್ಟ ಹತ್ತೋದ್ರೊಳಗೆ ಬಿತ್ತು ಆತಲ್ಲ!” ಮಂಜಿ ಮೊದಲು ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. “ಮೀನೆಣ್ಣೆ ಹಚ್ಚಿ ಚಂದ ಕಾಣ್ತದೆ ಅಂದ್ರಾ ನನ್ನ!” ಎಂದು ನಕ್ಕಳು. ನಗುತ್ತ ನಗುತ್ತ ಅವ್ವನ ಮುಖ ನೋಡಿದಳು, ಆ ಮುಖ ನಿನ್ನೆಯೆಲ್ಲ ಹೇಗಿದ್ದಿರಬೇಕೆಂದು ಅವಳಿಗೆ ಆಗ ಕಂಡಿತು. ನಗು ನಿಂತಿತು. ಬಂದು ಅವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು.

“ಒಳ್ಳೇದಾತು ಬಿಡಿ” ಎಂದ ಸೀತಾರಾಮಪ್ಪ. “ಸತ್ತರು ಅಂತ ಸುಳ್ಳು ಸುದ್ದಿ ಹುಟ್ಟಿದ್ರೆ ಆಯಸ್ಸು ಗಟ್ಟಿಯಂತೆ. ನೀನು ನಮ್ಮನ್ನೆಲ್ಲ ಹೊತ್ತು ಹಾಕಿಯೇ ಹೋಗೋದು.”

ಊರಿಗೆ ಸುದ್ದಿ ಮುಟ್ಟಿಸುವುದು ಹೇಗೆ? ತಂತಿ ಕೊಡೋಣವೆಂದ ಕೆರಿಯಪ್ಪ. ದುಗ್ಗಮ್ಮ ಬೇಡವೆಂದಳು; ತಂತಿಯವನ ಸೈಕಲ್ಲು ಕಂಡರೆ ಸಾಕು, ಓದುವುದಕ್ಕೆ ಮುಂಚೆಯೇ ಅತ್ತೆ ಎದೆಯೊಡೆದುಕೊಂಡಾಳು. ಕೊನೆಗೆ ಕೆರಿಯಪ್ಪ ಬಂದರಿಗೆ ಹೋಗಿ, ಆ ಸಂಜೆಯೇ ಘಟ್ಟ ಹತ್ತುವ ಲಾರಿಯ ಡ್ರೈವರನ್ನು ಹಿಡಿದು, ಅತ್ತಿಕೇರಿಯಲ್ಲಿ ಸ್ವತಃ ಇಳಿದು ಹೇಳಬೇಕೆಂದು ಮಾತು ತೆಗೆದುಕೊಂಡು ಬಂದ. ಡ್ರೈವರನ ಬಾಯಲ್ಲಿ ಪಾಠ ಒಪ್ಪಿಸುವ ಹಾಗೆ ಹೇಳಿಸಿದನಂತೆ: “ಮಂಜಮ್ಮ ಜೀವಂತ ಇದ್ದಾಳೆ. ಅನ್ನ ಉಂಡಳು. ನಕ್ಕಳು.”

“ಉಂಡಳು, ನಕ್ಕಳು ಅಂದ್ರೆ ಅಜ್ಜಿ ನಂಬ್ತಾರಾ?” ಎಂದಳು ಮಂಜಿ. “ಯಾವಳೋ ದೊಡ್ಡ ಮನುಷ್ಯಳ ಸುದ್ದಿ ಅಂದ್ಕಳ್ತಾರೆ.”

ಆ ರಾತ್ರಿ ದುಗ್ಗಮ್ಮ ಮಗಳ ಪಕ್ಕದಲ್ಲೇ ಮಲಗಿದಳು. ನಿದ್ದೆ ಬರಲಿಲ್ಲ. ರೆಪ್ಪೆ ಜೋಲಿದಾಗಲೆಲ್ಲ ಬೆಚ್ಚಿ ಎದ್ದು, ಮಗಳ ಮೂಗಿನ ಹತ್ತಿರ ಬೆರಳು ಹಿಡಿದು, ಉಸಿರು ಬೆಚ್ಚಗೆ ತಾಕಿದ ಮೇಲೆ ಮತ್ತೆ ಒರಗುತ್ತಿದ್ದಳು.

ಬೆಳಿಗ್ಗೆ ದಂಡೆಯಲ್ಲಿ ಜನವೋ ಜನ. ಹತ್ತಿರದಿಂದ ನೋಡಿದಾಗ ಹಡಗು ಒಂದು ಸಣ್ಣ ಗುಡ್ಡದ ಹಾಗಿತ್ತು. ಹಲಗೆಯ ಸಂದುಗಳಿಗೆ ಹತ್ತಿ ತುರುಕಿ ಧೂಪದ ಅಂಟು ಮೆತ್ತಿದ್ದರು. ಮೀನೆಣ್ಣೆಯ ನಾತದ ನಡುವೆ ಆ ಪರಿಮಳ ದುಗ್ಗಮ್ಮನಿಗೆ ಊರ ಕಾಡಿನ ಗುರು‍ತು ಹೇಳಿತು. ಅಡಿಯಲ್ಲಿ ನೀರಿನವರೆಗೂ ತೆಂಗಿನ ದಿಮ್ಮಿಗಳನ್ನು ಹಾಸಿದ್ದರು. ಕಾಯಿ ಒಡೆಯಲು ಆಚಾರಿಗಳು, ದುವಾ ಮಾಡಲು ತಂಡೇಲರ ಕಡೆಯವರು, ಹಗ್ಗ ಎಳೆಯಲು ಮೊಗವೀರರು. ಯಾರಿಗೂ ಯಾರ ಅವಸರವೂ ಇರಲಿಲ್ಲ. ಎಲ್ಲರೂ ನೀರು ಏರುವುದನ್ನು ಕಾಯುತ್ತಿದ್ದರು.

ಹಡಗಿನ ಮೂತಿಗೆ ಹೂವಿನ ಮಾಲೆ ಹಾಕುತ್ತಿದ್ದರು. ದುಗ್ಗಮ್ಮ ಸೆರಗಿನೊಳಗೆ ಇಟ್ಟುಕೊಂಡಿದ್ದ ಸೀರೆಯನ್ನು ಹೊರತೆಗೆದಳು. ಮನೆಗೆ ವಾಪಸು ಒಯ್ಯುವಂತಿಲ್ಲ, ಮಗಳಿಗೆ ಕೊಡುವಂತಿಲ್ಲ, ನೀರಿಗೆ ಎಸೆಯಲು ಮನಸ್ಸಿಲ್ಲ. ರಾತ್ರಿಯಿಡೀ ಅವಳು ಯೋಚಿಸಿದ್ದು ಇದನ್ನೇ. ತಂಡೇಲರ ಹತ್ತಿರ ಹೋಗಿ ಮುಚ್ಚುಮರೆಯಿಲ್ಲದೆ ಹೇಳಿದಳು, ಅದು ಯಾಕೆ ತಂದ ಸೀರೆ ಎನ್ನುವುದನ್ನೂ ಸೇರಿಸಿ.

“ಮಂಜಿಗೆ ಅಂತ ತಂದಿದ್ದು ಸಾಬ್ರೇ. ಮಂಜಿಗೇ ಕಟ್ಟಬಹುದಾ? ಕೆಟ್ಟದ್ದು ಅಂದ್ರೆ ಬೇಡ. ಇದ್ರಲ್ಲಿ ಸಮುದ್ರಕ್ಕೆ ಹೋಗೋರೂ ಮಕ್ಕಳೇ.”

ಪಕ್ಕದಲ್ಲಿದ್ದ ಆಚಾರಿ ಮುಖ ಹುಳ್ಳಗೆ ಮಾಡಿದ. ತಂಡೇಲರು ಸೀರೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತೂಗಿ ನೋಡುವವರ ಹಾಗೆ ನೋಡಿದರು.

“ಸಾವಿಗೆ ಅಂತ ಹೊರಟ ಸೀರೆ. ಹೋಗಿ ನೋಡಿದ್ರೆ ಸಾವೇ ಇರ್ಲಿಲ್ಲ. ಅಲ್ವಾ? ಹಾಗಾದ್ರೆ ಇದು ಗೆದ್ದು ಬಂದ ಸೀರೆ ಆಯ್ತಲ್ಲ. ಅರಬ್ಬಿ ದೇಶಕ್ಕೆ ಹೋಗುವಾಗ ನನಗೆ ಇಂಥದ್ದೊಂದು ಯಾರೂ ಕೊಡ್ಲಿಲ್ಲ.” ಆಮೇಲೆ ಆಚಾರಿಯತ್ತ ತಿರುಗಿ, “ಎಂಥ ಯೋಚನೆ ಮಾರಾಯ? ಕಟ್ಟು, ಕಟ್ಟು. ಅಂಚು ಹೊರಗೆ ಬರ್ಲಿ.”

ಕೆರಿಯಪ್ಪ ಏಣಿ ಹಾಕಿದ. ಹಡಗಿನ ಮೂತಿಗೆ ಹಸಿರು ಸೀರೆ ಸುತ್ತಿದರು. ಕೆಳಗೆ ನಿಂತವರಲ್ಲಿ ಯಾರೋ “ಓಹೋ, ಮದುಮಗಳು!” ಎಂದು ಕೂಗಿದರು. ಮಂಜಿ ಅವ್ವನ ಕಿವಿಯಲ್ಲಿ, “ಅಜ್ಜಿಗೆ ನೀನೇ ಹೇಳ್ಬೇಕು. ನಂಗೆ ಇನ್ನೊಂದು ತರ್ಬೇಕು ಅಂತಾನೂ ಹೇಳು” ಎಂದಳು.

ನೀರು ಏರಲು ಇನ್ನೂ ಹೊತ್ತಿತ್ತು. ತೆಂಗಿನ ನೆರಳಿನಲ್ಲಿ, ಕೆರಿಯಪ್ಪನ ಗರಗಸದ ಹೊಟ್ಟು ಮೆತ್ತಗೆ ಬಿದ್ದಿದ್ದ ಜಾಗದಲ್ಲಿ ಮಂಜಿ ಚಾಪೆ ಹಾಸಿದಳು. ಪಕ್ಕದ ಮನೆಯ ಸರೋಜ ಎಳನೀರು ಕೊಚ್ಚಿ ತಂದುಕೊಟ್ಟಳು. ದುಗ್ಗಮ್ಮ ಕುಡಿದು, ಒಂದು ಚೂರು ಬೆನ್ನು ಚಾಚುತ್ತೇನೆಂದು ಒರಗಿದಳು. ಮಗಳ ಸೆರಗಿನ ತುದಿ ಕೈಯಲ್ಲಿತ್ತು. ಹೊಳೆಯ ಕಡೆಯಿಂದ ಗಾಳಿ ಬಂತು.

ಕಣ್ಣು ಬಿಟ್ಟಾಗ ಬಿಸಿಲು ಇನ್ನೊಂದು ಕಡೆಯಿಂದ ಬೀಳುತ್ತಿತ್ತು. ಹಡಗು ನಿಂತಿದ್ದ ಜಾಗ ಬರಿದಾಗಿತ್ತು. ದಿಮ್ಮಿಗಳು ಚದುರಿದ್ದವು. ಹೊಳೆಯ ನಡುವೆ ಮಂಜಿ ನಿಂತು ನಿಧಾನವಾಗಿ ತೂಗುತ್ತಿತ್ತು, ಅದರ ಮೇಲೆ ಸೀತಾರಾಮಪ್ಪ ಎರಡೂ ಕೈ ಎತ್ತಿ ಇವರತ್ತ ಏನೋ ಕೂಗುತ್ತಿದ್ದ.

“ಎಷ್ಟು ಎಬ್ಬಿಸಿದೆ ಅವ್ವ!” ಮಂಜಿ ಅಲ್ಲೇ ಕೂತಿದ್ದಳು, ಸೆರಗನ್ನು ಬಿಡಿಸಿಕೊಂಡಿರಲಿಲ್ಲ. “ಅಷ್ಟು ಜನ ಐಲೇಸಾ ಐಲೇಸಾ ಅಂತ ಕೂಗಿದ್ರು, ಗರ್ನಾಲು ಪಟಾಕಿ ಹೊಡೆದ್ರು. ನೀನು ಮಗ್ಗಲು ಸೈತ ಬದಲಾಯಿಸ್ಲಿಲ್ಲ. ತಂಡೇಲ್ರು ಬಂದು ನೋಡಿ, ಮಲಗ್ಲಿ ಬಿಡು ಅಂದ್ರು.”

“ನೀನು ನೋಡಿದ್ಯಾ?”

“ಇಲ್ಲಿಂದಾನೇ ನೋಡಿದೆ.”

ಸರೋಜ ಲೊಚಗುಟ್ಟಿದಳು. “ಅಷ್ಟು ದೂರದಿಂದ ನೋಡ್ಲಿಕ್ಕೆ ಅಂತ ಬಂದು, ನೋಡ್ಲೇ ಇಲ್ಲಲ್ಲ ಅಮ್ಮ ನೀವು!”

“ನಾ ನೋಡಕ್ಕೆ ಬಂದಿದ್ದನ್ನ ನಿನ್ನೇನೇ ನೋಡಿದೆ ಮಗಾ” ಎಂದಳು ದುಗ್ಗಮ್ಮ. ಕೂದಲಿಗೆ ಅಂಟಿದ್ದ ಹೊಟ್ಟನ್ನು ಕೊಡವಿಕೊಂಡಳು. ಮೈ ಹಗುರಾಗಿತ್ತು. ಎಷ್ಟೋ ಹೊತ್ತಿನ ಮೇಲೆ ಹೊಟ್ಟೆ ತನ್ನ ಇರವನ್ನು ನೆನಪಿಸಿತು. “ಹಸಿವಾತು ಕಣೇ. ಗಂಜಿ ಏನಾದ್ರೂ ಉಳಿದದ್ಯಾ?”

ಮಂಜಿ ಎದ್ದು ಸೀರೆಯನ್ನು ಮೊಣಕಾಲಿಗೆ ಎತ್ತಿಕೊಂಡು ಮನೆಯ ಕಡೆಗೆ ಓಡಿದಳು.

“ಓಡ್ಬೇಡ್ವೇ, ಬೀಳ್ತೀಯ!” ಎಂದು ದುಗ್ಗಮ್ಮ ಕೂಗಿದಳು. ಮರಳಿನ ಮೇಲೆ ಬಿದ್ದರೆ ಏನಾದೀತು ಎಂದುಕೊಂಡು, ಮತ್ತೆ ಚಾಪೆಯ ಮೇಲೆ ಕಾಲು ಚಾಚಿ ಕೂತಳು.